ಮ್ಯೂಸಿಯಂ ನೋಡ್ಲಿಕ್ಕೆ ಹೋಗುವ ತಮ್ಮನಿಗೆ

ಮಾರಾಯ್ರೆ, ನಿಮ್ಮ ಪ್ರಶ್ನೆ ಓದಿದೆ. ಮುಂದಿನ ತಿಂಗಳು ಉಡುಪಿಯಿಂದ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬರ್ತಿದ್ದೀರಿ, ಬಂದ ವಾರವೇ ಟೀಮಿನವರು ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂಗೆ ಕರ್ಕೊಂಡು ಹೋಗ್ತಾರೆ, ಹಳೇ ಕಂಪ್ಯೂಟರ್ ಕಾಲದ ಇಂಜಿನಿಯರ್‌ಗಳೇ ಜೊತೆಗೆ ನಿಂತು ತೋರಿಸ್ತಾರಂತೆ, ಅವರನ್ನು ಎಂತ ಹೇಳಿ ಕರೆಯುದು, ಸುಮ್ಮನೆ ಹಿಂದೆ ನಿಂತ್ರೆ ಸಾಕಾ ಅಂತ ಕೇಳಿದ್ದೀರಿ. ಜೊತೆಗೆ ರೂಮು, ಊಟ, ಮಿಕ್ಸಿ, ಲೈಸೆನ್ಸು.

ರೂಮು ಬಂದ ಮೇಲೆ ನೋಡುವ, ಶುರುವಿಗೆ ಯಾರಾದ್ರೂ ಊರಿನವರ ಜೊತೆ ಶೇರ್ ಮಾಡಿ, ಬಾಡಿಗೆ ಕೇಳಿ ತಲೆ ತಿರುಗುದು ಎಲ್ಲರಿಗೂ ಉಂಟು. ಕುಚ್ಚಲಕ್ಕಿ ಇಂಡಿಯನ್ ಸ್ಟೋರಲ್ಲಿ ಸಿಗ್ತದೆ, ಪೆಟ್ಟಿಗೆಯಲ್ಲಿ ಆ ಜಾಗಕ್ಕೆ ಅಮ್ಮನ ಮಿಡಿ ಉಪ್ಪಿನಕಾಯಿ ಬರ್ಲಿ. ಮಿಕ್ಸಿ ಬೇಡ. ನಮ್ಮದು 230 ವೋಲ್ಟ್, 50 ಹರ್ಟ್ಸ್, ಇಲ್ಲಿ 120 ಮತ್ತು 60. ಆ ಮ್ಯೂಸಿಯಂನಲ್ಲೇ ಜರ್ಮನಿಯಿಂದ ತಂದ ಐಬಿಎಂ 1401 ಅಂತ ಒಂದು ಹಳೇ ಕಂಪ್ಯೂಟರ್ ಉಂಟು, ಅದೂ 50 ಹರ್ಟ್ಸಿನದ್ದೇ, ಅದಕ್ಕೆ ಕನ್ವರ್ಟರ್ ಇಟ್ಟು ಓಡಿಸ್ತಾರೆ. ನಿಮ್ಮ ಮಿಕ್ಸಿಗೆ ಅಷ್ಟು ಮರ್ಯಾದೆ ಯಾರೂ ಕೊಡುದಿಲ್ಲ.

ಈ 1401 ಅಂದ್ರೆ 1959ರಲ್ಲಿ ಬಂದ ಮೆಶಿನು, 10 ಸಾವಿರಕ್ಕಿಂತ ಹೆಚ್ಚು ಮಾಡಿದ್ದಾರೆ, ಹೆಚ್ಚಿನದಕ್ಕೆಲ್ಲ ಸಂಬಳ, ಬಿಲ್ಲು, ಬ್ಯಾಂಕಿನ ಲೆಕ್ಕ ಇಂಥದ್ದೇ ಕೆಲಸ. ಮ್ಯೂಸಿಯಂನಲ್ಲಿ ಎರಡು ಉಂಟು, ಎರಡನ್ನೂ ರಿಟೈರ್ ಆದವರು ವರ್ಷಗಟ್ಟಲೆ ಕೂತು ರಿಪೇರಿ ಮಾಡಿದ್ದು, ಸಂಬಳ ಇಲ್ಲ, ಬರೀ ಪ್ರೀತಿ. ನಿಮ್ಮ ಹೆಸರು ಕಾರ್ಡಿನಲ್ಲಿ ತೂತು ತೂತಾಗಿ ಪಂಚ್ ಮಾಡಿ ಕೊಟ್ರೆ ಪ್ರಿಂಟಾಗಿ ಬರ್ತದೆ. ಪ್ರಿಂಟರು ನಿಮಿಷಕ್ಕೆ 600 ಲೈನು, ಅದು ಹೊಡಿಲಿಕ್ಕೆ ಶುರು ಮಾಡಿದ್ರೆ ಪಕ್ಕದವರ ಮಾತು ಕೇಳುದಿಲ್ಲ.

ನಾನೂ ಬಂದ ಹೊಸತರಲ್ಲಿ ಆಫೀಸಿನವರ ಜೊತೆ ಹೋದದ್ದು. ಎಲ್ಲರ ಹಿಂದೆ, ಕೈ ಕಟ್ಟಿಕೊಂಡು. ದೊಡ್ಡವರು ಮಾತಾಡುವಾಗ ಮಧ್ಯ ಬಾಯಿ ಹಾಕಬಾರ್ದು ಅಂತಲ್ವಾ ನಮ್ಮನ್ನು ಬೆಳೆಸಿದ್ದು, ನಿಮಗೆ ಬಿಡಿಸಿ ಹೇಳುದು ಬೇಡ. ಡೆಮೋ ಕೊಡ್ತಿದ್ದ ಅಜ್ಜ, ವಯಸ್ಸು ಎಂಬತ್ತರ ಹತ್ರ ಇರ್ಬಹುದು, ನನ್ನನ್ನೇ ನೋಡಿ ಎಲ್ಲಿಯವ ಅಂತ ಕೇಳಿದ್ರು. ಇಂಡಿಯಾ ಅಂದೆ. ಇಂಡಿಯಾ ದೊಡ್ಡದು, ಎಲ್ಲಿ ಅಂದ್ರು. ಉಡುಪಿ ಅಂದೆ, ಅದು ಎಲ್ಲಿ ಅಂತ ಅವರಿಗೆ ಗೊತ್ತಾಗ್ಲಿಲ್ಲ, ಮತ್ತೆ ಬಾಯಿಗೆ ಬಂದದ್ದು ಬ್ಯಾಂಕೇ. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ ನಮ್ಮೂರಲ್ಲಿ ಹುಟ್ಟಿದ್ದು, ಪಿಗ್ಮಿ ಅಂತ ಒಂದು ಉಳಿತಾಯದ ಸ್ಕೀಮ್ ಉಂಟು, 1928ರಿಂದ, ಏಜೆಂಟರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯಿಂದ ಕಲೆಕ್ಟ್ ಮಾಡ್ತಿದ್ದರು ಅಂತ ಹೇಳಿದೆ. ಅವರು ಡೆಮೋ ಬಿಟ್ಟು ಹತ್ರ ಬಂದ್ರು ಮಾರಾಯ್ರೆ. ಅಷ್ಟು ಸಣ್ಣ ಸಣ್ಣ ಎಂಟ್ರಿ ಕೈಯಲ್ಲಿ ಬರೆದು ಟ್ಯಾಲಿ ಹೇಗೆ ಮಾಡ್ತಿದ್ರು ಅಂತ ಅವರ ಪ್ರಶ್ನೆ. ನನ್ನ ಅಪ್ಪ ಬ್ಯಾಂಕಿನ ಕ್ಲಾರ್ಕು, ಜೂನ್ ಕೊನೆಗೆ ಹಾಫ್ ಇಯರ್ಲಿ ಕ್ಲೋಸಿಂಗ್ ಬಂದ್ರೆ ಜೋರು ಮಳೆಯಲ್ಲಿ ನಡುರಾತ್ರಿ ಮನೆಗೆ ಬರ್ತಿದ್ರು, ಒಂದು ರೂಪಾಯಿ ಡಿಫರೆನ್ಸ್ ಹುಡುಕಲಿಕ್ಕೆ ಲೆಡ್ಜರ್ ಪೂರ್ತಿ ಮತ್ತೆ ಕೂಡಿಸಿ. ಅದನ್ನೆಲ್ಲ ನನ್ನ ಅರ್ಧಂಬರ್ಧ ಇಂಗ್ಲಿಷಲ್ಲಿ ಹೇಳಿದೆ. ಆ ಕೆಲಸ ತಪ್ಪಿಸ್ಲಿಕ್ಕೇ ನಾವು ಇದನ್ನು ಮಾರಿದ್ದು ಅಂತ ಅವರು ನಕ್ಕರು. ಟೀಮಿನವರೆಲ್ಲ ನನ್ನನ್ನು ಹೊಸದಾಗಿ ನೋಡಿದ ಹಾಗೆ ನೋಡಿದ್ರು.

ಇದನ್ನು ಯಾಕೆ ಉದ್ದ ಹೇಳಿದೆ ಅಂದ್ರೆ, ಅದೇ ವರ್ಷ ರಿವ್ಯೂನಲ್ಲಿ ನನಗೆ ಸಿಕ್ಕಿದ್ದು ಎಂತ ಗೊತ್ತುಂಟಾ, ಕೆಲಸ ಒಳ್ಳೆದುಂಟು, ಆದ್ರೆ ಮೀಟಿಂಗಲ್ಲಿ ಇವನಿಗೆ ಅಭಿಪ್ರಾಯವೇ ಇಲ್ಲ ಅಂತ. ಪ್ರಮೋಶನ್ ನನ್ನ ನಂತರ ಬಂದವನಿಗೆ ಹೋಯ್ತು. ನಾವು ಮರ್ಯಾದೆ ಅಂತ ಸುಮ್ಮನಿರುದು ಇಲ್ಲಿ ಖಾಲಿ ತಲೆಯ ಲೆಕ್ಕಕ್ಕೆ ಹೋಗ್ತದೆ. ನನಗೆ ಇದು ಈಗಲೂ ಸರಿ ಅನ್ನಿಸುದಿಲ್ಲ, ಆದ್ರೆ ಹಾಗೇ ಉಂಟು.

ಹಾಗಾಗಿ ಹಿಂದೆ ನಿಲ್ಬೇಡಿ, ಪ್ರಶ್ನೆ ಕೇಳಿ. ಸರ್ ಬೇಡ, ಹೆಸರು ಹಿಡಿದು ಕರೀರಿ, ಮೊದಲಿಗೆ ನಾಲಿಗೆ ಏಳುದಿಲ್ಲ, ಅಭ್ಯಾಸ ಆಗ್ತದೆ. ಸ್ಪೀಡ್ ಎಷ್ಟು, ಮೆಮೊರಿ ಎಷ್ಟು ಅಂತ ಕೇಳ್ಬೇಡಿ, ಅದು ಬೋರ್ಡಲ್ಲೇ ಬರೆದಿರ್ತದೆ. ಯಾಕೆ ಹೀಗೆ ಮಾಡಿದ್ರಿ, ಯಾವುದು ಜಾಸ್ತಿ ಕೈ ಕೊಡ್ತಿತ್ತು ಅಂತ ಕೇಳಿ, ಮತ್ತೆ ಅವರನ್ನು ನಿಲ್ಲಿಸುದೇ ಕಷ್ಟ. ಕೋರ್ ಮೆಮೊರಿ, ಅಂದ್ರೆ ಆ ಕಾಲದ ಕಂಪ್ಯೂಟರಿನ ಮೆಮೊರಿ, ಹತ್ತಿರ ಹೋಗಿ ನೋಡಿ, ಒಂದೊಂದು ಬಿಟ್‌ಗೆ, ಅಂದ್ರೆ ಒಂದೊಂದು 0 ಅಥವಾ 1ಕ್ಕೆ, ಒಂದೊಂದು ಸಣ್ಣ ಕಾಂತದ (ಫೆರೈಟ್) ಉಂಗುರ, ಅದರೊಳಗೆ ತಂತಿ, ಶಂಕರಪುರದ ಹೆಂಗಸರು ಮಲ್ಲಿಗೆ ಕಟ್ಟಿದ ಹಾಗೆ ಹೆಚ್ಚಾಗಿ ಹೆಂಗಸರೇ ಕೈಯಲ್ಲಿ ಪೋಣಿಸ್ತಿದ್ದದ್ದು. ಪಿಡಿಪಿ-1 ಅಂತ ಇನ್ನೊಂದು ಓಡುವ ಮೆಶಿನ್ ಉಂಟು, 1962ರ ಸ್ಪೇಸ್‌ವಾರ್ ಆಟ ಅದರದ್ದು, ಆ ಆಟ ಬರೆದ ಸ್ಟೀವ್ ರಸೆಲ್ ಅವರೇ ಅಲ್ಲಿ ನಿಂತು ಜನರಿಗೆ ತೋರಿಸಿದವರು. ಬಾಕಿ ಕ್ರೇ ಸೂಪರ್‌ಕಂಪ್ಯೂಟರ್, ಆ್ಯಪಲ್ ಎಲ್ಲ ಬರೀ ನೋಡ್ಲಿಕ್ಕೆ ಇಟ್ಟದ್ದು, ಫೋಟೋ ತೆಗೆದು ಮುಂದೆ ಹೋಗಿ.

ನನ್ನ ಅಪ್ಪನಿಗೆ ಆ ಪ್ರಿಂಟರ್ ತೋರಿಸ್ಬೇಕು ಅಂತ ಇತ್ತು. ವೀಸಾ ಆಗುವಾಗ ಕಣ್ಣಿನ ಆಪರೇಶನ್ನು, ಅದು ಗುಣ ಆಗುವಾಗ ಅಡಿಕೆ ಕೊಯ್ಲು, ಹಾಗೇ ಮುಂದೆ ಹೋಗಿ ಈಗ ಅವರಿಲ್ಲ. ನೀವು ಅಪ್ಪ ಅಮ್ಮನ ಪಾಸ್‌ಪೋರ್ಟ್ ಹೊರಡುವ ಮುಂಚೆಯೇ ಮಾಡಿಸಿಟ್ಟು ಬನ್ನಿ.

1401 ಓಡಿಸುದು ಸಾಮಾನ್ಯವಾಗಿ ಬುಧವಾರ ಮತ್ತು ಶನಿವಾರ, ನಿಮ್ಮ ಟೀಮು ಬೇರೆ ದಿನ ಇಟ್ಟಿದ್ರೆ ಬದಲಿಸ್ಲಿಕ್ಕೆ ಹೇಳಿ. ಹೊಸಬ ಹೇಗೆ ಹೇಳುದು ಅಂತ ನೋಡ್ಬೇಡಿ. ಲೈಸೆನ್ಸ್ ವಿಷಯ ಇನ್ನೊಮ್ಮೆ ಬರೀತೇನೆ, ಅದು ಬೇರೆಯೇ ಪುರಾಣ.