ಓದುಗರ ಪ್ರಶ್ನೆ: ಮೂರು ಲೀಜನ್ ಸತ್ತ ಜಾಗ ಕಳೆದುಹೋಗುವುದು ಹೇಗೆ?

ಈ ಸಲದ ಪತ್ರಗಳಲ್ಲಿ ರೋಮನ್ನರದ್ದೇ ಗಲಾಟೆ. ಹಿಂದಿನ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದಕ್ಕೆ ಇಷ್ಟೊಂದು ಜನ ಹಿಡಿದುಕೊಳ್ಳುತ್ತಾರೆ ಅಂದುಕೊಂಡಿರಲಿಲ್ಲ. ಅಡುಗೆ ಗ್ಯಾಸು, ಸೊಸೈಟಿ ಪಾರ್ಕಿಂಗ್ ಪ್ರಶ್ನೆ ಕಳಿಸಿದವರು ಮುಂದಿನ ಸಲದವರೆಗೆ ಕಾಯಬೇಕು.

ಪ್ರಶ್ನೆ: ಸರ್, ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ರೋಮಿನ ಮೂರು ಲೀಜನ್ (ಸಾವಿರಾರು ಸೈನಿಕರ ದೊಡ್ಡ ಸೇನಾದಳ) ಪೂರ್ತಿ ನಾಶವಾದವು ಎಂದು ಬರೆದಿದ್ದಿರಿ. ಅಷ್ಟು ಸಾವಿರ ಜನ ಸತ್ತ ಜಾಗ ಎಲ್ಲಿದೆ ಅಂತ ಇತ್ತೀಚಿನವರೆಗೂ ಗೊತ್ತಿರಲಿಲ್ಲ ಅಂದರೆ ನಂಬೋದು ಕಷ್ಟ. ಯಾರೂ ಬರೆದಿಡಲಿಲ್ಲವೇ? (ಡೊಂಬಿವಲಿಯಿಂದ)

ಉತ್ತರ: ಬರೆದಿಟ್ಟಿದ್ದರು, ತೊಂದರೆ ಶುರುವಾಗಿದ್ದೇ ಅಲ್ಲಿ. ಟ್ಯಾಸಿಟಸ್ ಎಂಬ ಇತಿಹಾಸಕಾರ ಸುಮಾರು ನೂರು ವರ್ಷ ಆದಮೇಲೆ ಹೇಳಿದ್ದು ಇಷ್ಟು: ಟ್ಯೂಟೊಬರ್ಗ್ ಕಾಡಿನಲ್ಲಿ, ಅದು ಎಮ್ಸ್ ಮತ್ತು ಲಿಪ್ಪೆ ನದಿಗಳ ನಡುವಿನ ಸೀಮೆಯಿಂದ ದೂರವೇನಲ್ಲ. ದೂರವೇನಲ್ಲ ಅಂದರೆ ಎಷ್ಟು? ಯಾವ ದಿಕ್ಕಿಗೆ? ಅವನ ಓದುಗರು ರೋಮಿನಲ್ಲಿ ಕೂತಿದ್ದರು, ಅವರಿಗೆ ಅದು ಬೇಕಿರಲಿಲ್ಲ. ಕ್ಯಾಸಿಯಸ್ ಡಿಯೊ ಎಂಬ ಇನ್ನೊಬ್ಬ ಇನ್ನೂ ತಡವಾಗಿ ಬರೆದ. ಗುಡ್ಡ, ದಟ್ಟ ಮರ, ಗಾಳಿ ಮಳೆ, ಜಾರುವ ನೆಲ, ಗಾಡಿಗಳು, ಜೊತೆಗೆ ಹೆಂಗಸರು ಮಕ್ಕಳು, ಎಲ್ಲ ಇದೆ, ಊರಿನ ಹೆಸರು ಮಾತ್ರ ಇಲ್ಲ. ಉತ್ತರ ಜರ್ಮನಿಯಲ್ಲಿ ಈ ವರ್ಣನೆಗೆ ಹೊಂದುವ ಜಾಗಕ್ಕೆ ಬರವೇ ಇಲ್ಲ, ಹಾಗಾಗಿ 700ಕ್ಕೂ ಹೆಚ್ಚು ವಾದಗಳು ಹುಟ್ಟಿಕೊಂಡವು.

ಇವತ್ತಿನ ನಕ್ಷೆಯಲ್ಲಿ ಟ್ಯೂಟೊಬರ್ಗ್ ಕಾಡು ಅಂತ ಇದೆಯಲ್ಲ ಅನ್ನಬಹುದು. ಆ ಗುಡ್ಡಸಾಲಿಗೆ ಮೊದಲು ಇದ್ದ ಹೆಸರು ಓಸ್ನಿಂಗ್. ಟ್ಯಾಸಿಟಸ್‌ನನ್ನು ಓದಿದ ಪಂಡಿತರು ಆಮೇಲೆ ತಂದು ಅಂಟಿಸಿದ ಹೆಸರು ಅದು, ಅದನ್ನು ಸಾಕ್ಷಿ ಅನ್ನುವುದು ಹೇಗೆ? ಆದರೂ ಆ ಹೆಸರಿನ ಮೇಲೆ ಭರವಸೆಯಿಟ್ಟು 1875ರಲ್ಲಿ ಡೆಟ್‌ಮೋಲ್ಡ್ ಹತ್ತಿರ, ಆ ಲೀಜನ್‌ಗಳನ್ನು ಸೋಲಿಸಿದ ಜರ್ಮನ್ ನಾಯಕ ಆರ್ಮಿನಿಯಸ್‌ನ ದೊಡ್ಡ ಪ್ರತಿಮೆ ನಿಲ್ಲಿಸಿಬಿಟ್ಟರು. ಈಗ ಹೆಚ್ಚಿನವರು ಒಪ್ಪುವ ಜಾಗ ಒಸ್ನಾಬ್ರೂಕ್ ಊರಿನ ಉತ್ತರಕ್ಕಿರುವ ಕಾಲ್ಕ್ರೀಸೆ. ಪ್ರತಿಮೆಯಿಂದ ಅದು ತುಂಬಾ ದೂರ. ಪ್ರತಿಮೆ ಮಾತ್ರ ಪಾಪ ಕತ್ತಿ ಎತ್ತಿಕೊಂಡು ಅಲ್ಲೇ ನಿಂತಿದೆ.

ಕಾಲ್ಕ್ರೀಸೆಯಲ್ಲಿ ದಕ್ಷಿಣಕ್ಕೆ ಗುಡ್ಡ, ಉತ್ತರಕ್ಕೆ ದೊಡ್ಡ ಜೌಗು. ನಡುವೆ ದಾರಿ ಮಾಡಿಕೊಂಡು ಹೋಗಲು ಉಳಿಯುವುದು ಕಿರಿದಾದ ಪಟ್ಟಿ. ಸಾವಿರಾರು ಜನ ಸಾಲುಗಟ್ಟಿ ನಡೆಯುತ್ತಿರುವಾಗ ಪಕ್ಕದಿಂದ ಮೇಲೆ ಬೀಳಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಅಲ್ಲಿನ ಜಮೀನ್ದಾರ ಮನೆತನದ ಹತ್ತಿರ ಹಳೆಯ ರೋಮನ್ ನಾಣ್ಯಗಳಿದ್ದವು. ಅವನ್ನು ಆಧಾರ ಮಾಡಿಕೊಂಡು ಇತಿಹಾಸಕಾರ ಥಿಯೋಡರ್ ಮೊಮ್ಸೆನ್ 1885ರಲ್ಲೇ 'ಇಲ್ಲೇ ಇರಬೇಕು' ಎಂದಿದ್ದ. ಜನ ಒಪ್ಪಲಿಲ್ಲ. ಬರೀ ಚಿನ್ನ ಬೆಳ್ಳಿ ಇದೆ, ಸಿಪಾಯಿ ಜೇಬಿನ ತಾಮ್ರದ ಚಿಲ್ಲರೆ ಎಲ್ಲಿ, ಆಯುಧ ಎಲ್ಲಿ, ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಉತ್ತರ ಸಿಕ್ಕಿದ್ದು ನೂರು ವರ್ಷ ಆದಮೇಲೆ. 1987ರಲ್ಲಿ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ, ಆ ಪ್ರದೇಶದ ಪುರಾತತ್ವ ಅಧಿಕಾರಿಯನ್ನು ಕೇಳಿಕೊಂಡೇ, ಮೆಟಲ್ ಡಿಟೆಕ್ಟರ್ ಹಿಡಿದು ಹೊಲಕ್ಕಿಳಿದ. ಮೊದಲು ಬೆಳ್ಳಿ ನಾಣ್ಯ. ಮರುವರ್ಷ ಕವಣೆಯಿಂದ ಎಸೆಯುವ ಸೀಸದ ಗುಂಡು. ನಾಣ್ಯವನ್ನು ವ್ಯಾಪಾರಿಯೂ ಬೀಳಿಸಬಹುದು, ಆದರೆ ಕವಣೆಗುಂಡು ಸೈನಿಕರದ್ದೇ. ಆಮೇಲೆ ಅಗೆದಾಗ ತಾಮ್ರದ ಚಿಲ್ಲರೆಯೂ ಬಂತು, ಕೆಲವದರ ಮೇಲೆ ಆ ಮೂರು ಲೀಜನ್‌ಗಳ ಸೇನಾಪತಿ ವಾರುಸ್‌ನ ಮುದ್ರೆ ಒತ್ತಿತ್ತು. ಕ್ರಿ.ಶ. 9ರ ನಂತರ ಟಂಕಿಸಿದ್ದು ಅಂತ ಖಚಿತವಾಗಿ ಹೇಳಬಹುದಾದ ನಾಣ್ಯ ಅವುಗಳಲ್ಲಿ ಇಲ್ಲ. ಗುಂಡಿಗಳಲ್ಲಿ ಮನುಷ್ಯರ ಮತ್ತು ಹೇಸರಗತ್ತೆಗಳ ಮೂಳೆ ಒಟ್ಟಿಗೆ ಹೂತಿದ್ದವು. ಆ ಮೂಳೆಗಳು ಹೂಳುವ ಮೊದಲು ಕೆಲವು ವರ್ಷ ಬಯಲಲ್ಲಿ ಬಿಸಿಲು ಮಳೆಗೆ ಬಿದ್ದಿದ್ದವು ಅನ್ನುವುದೂ ಗೊತ್ತಾಯಿತು. ಈಗ ಮತ್ತೆ ಟ್ಯಾಸಿಟಸ್‌ನನ್ನು ತೆಗೆದು ನೋಡಿ: ಆರು ವರ್ಷ ಬಿಟ್ಟು, ಕ್ರಿ.ಶ. 15ರಲ್ಲಿ, ರೋಮನ್ ಸೇನಾಪತಿ ಜರ್ಮಾನಿಕಸ್ ಸೈನ್ಯದೊಂದಿಗೆ ಬಂದು ಬಿಳಿಚಿಕೊಂಡಿದ್ದ ಮೂಳೆಗಳನ್ನು ಹೂಳಿಸಿದ ಅಂತ ಬರೆದಿದ್ದಾನೆ.

ಗಿರಗಾಂವ್ ಚೌಪಾಟಿಯಲ್ಲಿ ಗಣಪತಿ ವಿಸರ್ಜನೆಯ ಮರುದಿನ ಬೆಳಿಗ್ಗೆ ಹೋಗಿ ನೋಡಿ. ದೊಡ್ಡದನ್ನೆಲ್ಲ ಯಾರೋ ಒಯ್ದಿರುತ್ತಾರೆ, ಮರಳಲ್ಲಿ ಸಿಗುವುದು ಚಪ್ಪಲಿ ಉಂಗುಷ್ಠ, ಪಿನ್ನು, ಚಿಲ್ಲರೆ. ಯುದ್ಧಭೂಮಿಯೂ ಹಾಗೇ. ಗೆದ್ದವರು ಕತ್ತಿ, ಕವಚ ದೋಚಿಕೊಂಡು ಹೋದರು, ಬಗ್ಗಿ ಹೆಕ್ಕಲು ಬೇಸರವಾದದ್ದು ಉಳಿಯಿತು. ಮಧ್ಯಯುಗದ ರೈತರು ಗೊಬ್ಬರಕ್ಕೆಂದು ಹುಲ್ಲುಹೆಂಟೆ ತಂದು ಹೊಲದ ಮೇಲೆ ಹೊದಿಸುತ್ತಾ ಹೋದದ್ದರಿಂದ ಅದು ನೇಗಿಲ ಬಾಯಿಗೂ ಸಿಗಲಿಲ್ಲ. ಅನುಮಾನ ಪಡುವವರು ಈಗಲೂ ಇದ್ದಾರೆ, ಇದು ಜರ್ಮಾನಿಕಸ್ ಕಾಲದ ಬೇರೆ ಕಾಳಗ ಅನ್ನುತ್ತಾರೆ. ಆದರೆ 2022ರಲ್ಲಿ ಲೋಹದ ಪರೀಕ್ಷೆಯೊಂದು ಅಲ್ಲಿನ ವಸ್ತುಗಳನ್ನು 19ನೇ ಲೀಜನ್‌ಗೆ ಹೊಂದಿಸಿದೆ, ಅದು ವಾರುಸ್ ಜೊತೆ ನಾಶವಾದ ಮೂರರಲ್ಲಿ ಒಂದು. ನನ್ನ ಓಟು ಕಾಲ್ಕ್ರೀಸೆಗೇ.

ಪ್ರಶ್ನೆ: ನೂರು ವರ್ಷ ಆದಮೇಲೆ ಬರೆದವರ ಮಾತು ಯಾಕೆ ನಂಬಬೇಕು? ಹಳೆಯ ಕಾಲದವರು ಸುಮ್ನೆ ಉತ್ಪ್ರೇಕ್ಷೆ ಮಾಡುತ್ತಿದ್ದರು, ಅಲ್ವಾ? (ವಾಸ್ಕೋ, ಗೋವಾದಿಂದ)

ಉತ್ತರ: ಸಂಖ್ಯೆಯಲ್ಲಿ ಹೌದು. ಬ್ರಿಟನ್ನಿನಲ್ಲಿ ರೋಮನ್ನರ ವಿರುದ್ಧ ದಂಗೆ ಎದ್ದ ರಾಣಿ ಬೌಡಿಕಾಳ ಕೊನೆಯ ಯುದ್ಧದಲ್ಲಿ ಅವಳ ಕಡೆ 80,000 ಜನ, ರೋಮನ್ನರ ಕಡೆ ಬರೀ 400 ಜನ ಸತ್ತರು ಅನ್ನುತ್ತಾನೆ ಟ್ಯಾಸಿಟಸ್. ಇದನ್ನು ಉಪ್ಪು ಖಾರ ಹಚ್ಚಿದ್ದು ಅಂತಲೇ ಓದಬೇಕು. ಆದರೆ ಅದೇ ಟ್ಯಾಸಿಟಸ್‌ನ ಮಾವ ಅಗ್ರಿಕೋಲ ಆ ಕಾಲದಲ್ಲಿ ಬ್ರಿಟನ್ನಿನಲ್ಲೇ, ಆ ಯುದ್ಧ ಗೆದ್ದ ರೋಮನ್ ಸೇನಾಪತಿಯ ಕೈಕೆಳಗೆ ಕೆಲಸ ಮಾಡಿದ್ದವನು. ಹಾಗಾಗಿ ನೆಲ ಹೇಗಿತ್ತು ಅನ್ನುವ ಮಾತನ್ನು ನಾನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ.

ಉಲ್ಟಾ ಆಗಿದ್ದೂ ಇದೆ. ಚಕ್ರವರ್ತಿ ಮ್ಯಾಕ್ಸಿಮಿನಸ್ 235ರಲ್ಲಿ ಜರ್ಮನಿಯ ಒಳಗೆ ನುಗ್ಗಿದ ಕಥೆಯಲ್ಲಿ, ಹಳೆಯ ಹಸ್ತಪ್ರತಿ 300-400 ಮೈಲಿ ಅನ್ನುತ್ತದೆ. ಅಷ್ಟು ದೂರ ಹೋಗಿರಲು ಸಾಧ್ಯವೇ ಇಲ್ಲ ಎಂದು ಆಮೇಲಿನ ಸಂಪಾದಕರು ಅದನ್ನು 30-40 ಅಂತ 'ತಿದ್ದಿದರು'. ಹಾರ್ಟ್ಸ್‌ಹಾರ್ನ್ ಎಂಬ ಜರ್ಮನಿಯ ಗುಡ್ಡದಲ್ಲಿ 2000ರಲ್ಲಿ ಹವ್ಯಾಸಿಗಳಿಗೆ ಒಂದು ಕಬ್ಬಿಣದ ವಸ್ತು ಸಿಕ್ಕಿತ್ತು, ಅವರು ಅದನ್ನು ಮಧ್ಯಯುಗದ ಮೇಣದಬತ್ತಿ ಸ್ಟ್ಯಾಂಡ್ ಅಂದುಕೊಂಡು ಮನೆಯಲ್ಲಿಟ್ಟರು. 2008ರಲ್ಲಿ ತಿಳಿದವರ ಕಣ್ಣಿಗೆ ಬಿತ್ತು. ಅದು ರೋಮನ್ನರು ಪ್ರಾಣಿಗಳ ಗೊರಸಿಗೆ ಕಟ್ಟುತ್ತಿದ್ದ ಕಬ್ಬಿಣದ ಪಾದುಕೆ! ಅಗೆದರೆ ಬಾಣದ ಮೊನೆ, ಬಂಡಿಯ ಸಾಮಾನು, ಆ ಕಾಲದ ನಾಣ್ಯ ಎಲ್ಲ ಬಂತು, ಗಡಿಯಿಂದ ಬಹಳ ಒಳಗೆ. ಹಸ್ತಪ್ರತಿ ಸರಿ ಇತ್ತು, ತಿದ್ದಿದವರಿಗೇ ಜಾಸ್ತಿ ಗೊತ್ತಿತ್ತು!

ಪ್ರಶ್ನೆ: ರಿಟೈರ್ ಆಗಿದ್ದೇನೆ, ಕಂಪ್ಯೂಟರ್ ಇದೆ, ಸ್ಯಾಟಲೈಟ್ ನಕ್ಷೆ ಇದೆ. ಬೌಡಿಕಾಳ ಯುದ್ಧಭೂಮಿ ಇನ್ನೂ ಸಿಕ್ಕಿಲ್ಲವಂತೆ. ಕೋಥ್ರೂಡ್‌ನಲ್ಲಿ ಕೂತು ನಾನೇ ಹುಡುಕಬಹುದೇ? (ಪುಣೆಯಿಂದ)

ಉತ್ತರ: ಹುಡುಕಿ, ಹೊತ್ತು ಚೆನ್ನಾಗಿ ಹೋಗುತ್ತದೆ. ಟ್ಯಾಸಿಟಸ್ ಕೊಡುವ ಗುರುತು ಇದು: ಕಿರಿದಾದ ಬಾಯಿಯ ಕಣಿವೆ, ಹಿಂದೆ ಕಾಡು, ಮುಂದೆ ಬಯಲು. ಸುಮಾರು ಹತ್ತು ಸಾವಿರ ರೋಮನ್ ಸೈನಿಕರು. ಇದನ್ನು ಹಿಡಿದು ಇಳಿಜಾರು, ಕಣಿವೆಯ ಅಗಲ, ರೋಮನ್ ರಸ್ತೆಯಿಂದ ದೂರ, ದಿನಕ್ಕೆ ಸುಮಾರು 30 ಕಿಲೋಮೀಟರ್ ನಡಿಗೆ ಅಂತೆಲ್ಲ ಲೆಕ್ಕ ಹಾಕಬಹುದು. ನೀರನ್ನು ಮರೆಯಬೇಡಿ, ಅಷ್ಟು ಜನ ಮತ್ತು ಪ್ರಾಣಿಗಳಿಗೆ ಕುಡಿಯಲು ಹಳ್ಳವೋ ಹೊಳೆಯೋ ಹತ್ತಿರ ಇರಲೇಬೇಕು. ಮ್ಯಾನ್ಸೆಟರ್ ಎಂಬ ಊರಿನ ಹೆಸರು ಮೊದಲಿಂದ ಓಡುತ್ತಿದೆ, ಬೇರೆಯವೂ ಇವೆ. ನಿಮ್ಮ ಪಟ್ಟಿ ಚಿಕ್ಕದಾಗುತ್ತದೆ, ಒಂದಕ್ಕೆ ಬಂದು ನಿಲ್ಲುವುದಿಲ್ಲ.

ನಿಲ್ಲಿಸುವುದು ಮಣ್ಣು. ಸ್ಪೇನಿನ ಬೈಕುಲ ಯುದ್ಧ, ಕ್ರಿ.ಪೂ. 208, ಹೆಸರು ಹೋಲುತ್ತದೆ ಎಂದು ಬಹಳ ಕಾಲ ಬೈಲೆನ್ ಊರಿಗೆ ಅಂಟಿಕೊಂಡಿತ್ತು. ಹಾಯೆನ್ ವಿಶ್ವವಿದ್ಯಾಲಯದವರು ಹಳೆಯ ಇತಿಹಾಸಕಾರರಾದ ಪಾಲಿಬಿಯಸ್, ಲಿವಿ ಹೇಳುವ ಎರಡು ಹಂತದ ಗುಡ್ಡವನ್ನು ಹುಡುಕುತ್ತಾ ಸಾಂತೊ ತೊಮೆ ಹತ್ತಿರ ಬಂದರು. ಅಲ್ಲಿ ನೆಲದಲ್ಲಿ ಸಿಕ್ಕಿದ್ದು ಬಾಣ, ಕವಣೆಗುಂಡುಗಳ ಜೊತೆಗೆ ರೋಮನ್ ಸಿಪಾಯಿಗಳ ಚಪ್ಪಲಿ ಅಟ್ಟೆಯಿಂದ ಕಿತ್ತುಬಿದ್ದ ಕಬ್ಬಿಣದ ಮೊಳೆಗಳು. ಬೆರಳ ತುದಿಯಷ್ಟಿನ ಮೊಳೆ. ಒಂದೊಂದು ಸಿಕ್ಕ ಜಾಗವನ್ನೂ ನಕ್ಷೆಯಲ್ಲಿ ಗುರುತು ಮಾಡಿದಾಗ ಸೈನ್ಯ ಯಾವ ಕಡೆಯಿಂದ ಏರು ಹತ್ತಿತು ಅನ್ನುವುದೇ ಕಾಣಿಸಿತು.

ಇನ್ನೊಂದು. ನೆಲವೂ ಇದ್ದ ಹಾಗೇ ಇರುವುದಿಲ್ಲ. ಇಟಲಿಯಲ್ಲಿ ಹ್ಯಾನಿಬಲ್ ರೋಮನ್ನರನ್ನು ಸೋಲಿಸಿದ ಕ್ಯಾನೆ ಯುದ್ಧದ ಪಕ್ಕ ಹರಿಯುತ್ತಿದ್ದ ನದಿ ಪಾತ್ರ ಬದಲಿಸಿದೆ, ಹಾಗಾಗಿ ಯಾವ ದಡದಲ್ಲಿ ಹೊಡೆದಾಡಿದರು ಅಂತ ಈಗಲೂ ಜಗಳ. ದೂರ ಯಾಕೆ, 1689ರಲ್ಲಿ ಜಂಜೀರದ ಸಿದ್ದಿ ಶಿವಡಿಯಲ್ಲಿ ಇಳಿದು ಮುಂಬೈಗೆ ಮುತ್ತಿಗೆ ಹಾಕಿದ. ಆ ದಾರಿಯನ್ನು ಇವತ್ತಿನ ನಕ್ಷೆಯಲ್ಲಿ ಎಳೆಯಲು ಹೋದರೆ ಲೆಕ್ಕ ತಪ್ಪುತ್ತದೆ, ಆಗ ನೀರಿದ್ದ ಎಷ್ಟೋ ಕಡೆ ಈಗ ನೆಲ. ನಿಮ್ಮ ಪುಣೆಯಲ್ಲೇ 1817ರ ಖಡ್ಕಿ ಯುದ್ಧದ ಬಯಲಿನ ಮೇಲೆ ಈಗ ರಸ್ತೆ, ಕಟ್ಟಡ, ವಿಶ್ವವಿದ್ಯಾಲಯ.

ಪ್ರಶ್ನೆ: ಅಣ್ಣಾ, ಆನ್‌ಲೈನ್‌ನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿದ್ದೇನೆ. ಭಾನುವಾರ ಟ್ರೆಕ್‌ಗೆ ಹೋಗುವಾಗ ಕೋಟೆಗಳ ಕೆಳಗೆ ನೋಡಬಹುದಾ? (ಠಾಣೆಯಿಂದ)

ಉತ್ತರ: ಬೇಡ ತಮ್ಮಾ. ಸಂರಕ್ಷಿತ ಕೋಟೆಯಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಬೇರೆ ಕಡೆ ಆದರೂ 1878ರ ನಿಧಿ ಕಾಯ್ದೆ ಇನ್ನೂ ಜೀವಂತವಾಗಿದೆ: ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು. ಕಾನೂನು ಬಿಡು, ಮೊಳೆ ಎಲ್ಲಿ ಬಿದ್ದಿತ್ತು ಅನ್ನುವುದು ಗೊತ್ತಿದ್ದರೆ ಮಾತ್ರ ಅದಕ್ಕೆ ಬೆಲೆ. ಜೇಬಿಗೆ ಹಾಕಿಕೊಂಡರೆ ಗುಜರಿ. ಕ್ಲನ್ ಕೂಡ ಕೇಳಿಕೊಂಡೇ ಹೋದವನು. ಅಷ್ಟು ಆಸೆ ಇದ್ದರೆ ಡೆಕ್ಕನ್ ಕಾಲೇಜಿನ ಪುರಾತತ್ವ ವಿಭಾಗಕ್ಕೆ ಒಂದು ಪತ್ರ ಬರಿ, ಉತ್ಖನನಕ್ಕೆ ಕೈಜೋಡಿಸಲು ಆಗುತ್ತದಾ ಅಂತ ಕೇಳಿ ನೋಡು. ಡಿಟೆಕ್ಟರ್ ವಾಪಸ್ ತೆಗೆದುಕೊಳ್ಳುತ್ತಾರಾ ಅಂತಲೂ ವಿಚಾರಿಸು.

ಪ್ರಶ್ನೆ: ಮಗಳು ಜರ್ಮನಿಯಲ್ಲಿದ್ದಾಳೆ, ಬೇಸಿಗೆಯಲ್ಲಿ ಹೋಗುತ್ತೇವೆ. ಕಾಲ್ಕ್ರೀಸೆಯಲ್ಲಿ ನೋಡಲು ಏನಾದರೂ ಇದೆಯೇ? (ಮಾಟುಂಗಾದಿಂದ)

ಉತ್ತರ: ಇದೆ ಅಕ್ಕಾ. ಮ್ಯೂಸಿಯಂ ಇದೆ, ಅಗೆದಾಗ ಸಿಕ್ಕ ಅಶ್ವಾರೋಹಿಯ ಕಬ್ಬಿಣದ ಮುಖವಾಡ ಅಲ್ಲಿನ ದೊಡ್ಡ ಆಕರ್ಷಣೆ. ಕುತ್ತಿಗೆಯ ಗಂಟೆ ಸದ್ದು ಮಾಡದಿರಲಿ ಎಂದು ಒಳಗೆ ಹುಲ್ಲು ತುರುಕಿದ್ದ ಹೇಸರಗತ್ತೆಯ ಬಗ್ಗೆಯೂ ಕೇಳಿ, ನನಗೆ ಮುಖವಾಡಕ್ಕಿಂತ ಅದೇ ಇಷ್ಟ. ಹೊರಗಿನ ಬಯಲಿನಲ್ಲಿ ರೋಮನ್ನರು ನಡೆದ ದಾರಿಯನ್ನು ಕಬ್ಬಿಣದ ಹಲಗೆ ಹಾಸಿ ತೋರಿಸಿದ್ದಾರೆ. ಎತ್ತರದ ಗೋಪುರ ಹತ್ತಿದರೆ ಗುಡ್ಡ ಯಾವ ಕಡೆ, ಜೌಗು ಯಾವ ಕಡೆ ಅನ್ನುವುದು ತಿಳಿಯುತ್ತದೆ. ಭಾವನವರ ಮಂಡಿ ನೋವು ಅಂತ ಬರೆದಿದ್ದೀರಿ, ಅವರು ಕೆಳಗೇ ಕೂತಿರಲಿ.