ಉಳುಮೆ ಬಿಟ್ಟ ಹೊಲಕ್ಕೆ ಬಾಡಿಗೆ ಕೊಡುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು: ಜಮೀನನ್ನು ಮತ್ತೆ ಹುಲ್ಲುಗಾವಲಿಗೋ ಕಾಡಿಗೋ ಬಿಟ್ಟರೆ ದುಡ್ಡಿನ ಕಥೆ ಏನು? ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಅಮೆರಿಕದ ಅಯೋವಾದಲ್ಲಿದ್ದೇನೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮನೆಯವರು ಅರವತ್ತು ಎಕರೆಯನ್ನು ಹುಲ್ಲಿಗೆ ಬಿಟ್ಟಿದ್ದಾರೆ. ಏನೂ ಬೆಳೆಯದಿದ್ದರೂ ಸರ್ಕಾರ ಪ್ರತಿ ವರ್ಷ ದುಡ್ಡು ಕೊಡುತ್ತದಂತೆ. ಇದು ಯಾವ ಲೆಕ್ಕ? ನಮ್ಮಲ್ಲೂ ಆಗಬಹುದಾ?

ಅದನ್ನು ಬಾಡಿಗೆ ಅಂದುಕೊಳ್ಳಿ, ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದರ ಹೆಸರು ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ. 1985ರ ಕೃಷಿ ಕಾಯ್ದೆಯಲ್ಲಿ ಬಂತು. ಆಗ ಅಲ್ಲಿ ಧಾನ್ಯ ಜಾಸ್ತಿಯಾಗಿ ಬೆಲೆ ಬಿದ್ದಿತ್ತು, ಇನ್ನೊಂದು ಕಡೆ ಇಳಿಜಾರಿನ ಹೊಲಗಳ ಮಣ್ಣು ಕೊಚ್ಚಿಹೋಗುತ್ತಿತ್ತು. ರೈತ 10ರಿಂದ 15 ವರ್ಷಕ್ಕೆ ಕರಾರು ಬರೆದುಕೊಡುತ್ತಾನೆ. ಆ ಮಣ್ಣಿನ ಹೊಲವನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟಿದ್ದರೆ ಆ ಸೀಮೆಯಲ್ಲಿ ಎಷ್ಟು ಸಿಗುತ್ತಿತ್ತೋ ಅದನ್ನು ನೋಡಿ ಸರ್ಕಾರ ಎಕರೆಗೆ ಇಷ್ಟು ಅಂತ ಕಟ್ಟುತ್ತದೆ, ಹುಲ್ಲು ಅಥವಾ ಗಿಡ ಹಾಕುವ ಖರ್ಚಿನಲ್ಲಿ ಅರ್ಧದಷ್ಟನ್ನೂ ಕೊಡುತ್ತದೆ. ದುಡ್ಡು ಅಕ್ಟೋಬರ್‌ನಲ್ಲಿ ಬರುತ್ತದೆ.

ಫಲ ಸಿಕ್ಕಿದ್ದು ನಿಜ. ಡಕೋಟಾ, ಮೊಂಟಾನಾ ಕಡೆ ಹೊಲದ ನಡುವೆ ಸಣ್ಣ ಸಣ್ಣ ನೀರಿನ ಹೊಂಡಗಳಿವೆ. ಅವುಗಳ ಸುತ್ತ ಹುಲ್ಲು ಬಂದ ಮೇಲೆ ಕಾಡುಬಾತುಗಳು ಮರಿ ಮಾಡಲು ಜಾಗ ಸಿಕ್ಕಿತು. 1992ರಿಂದ 1997ರವರೆಗೆ ಸುಮಾರು 1.24 ಕೋಟಿ ಬಾತುಗಳು ಹೆಚ್ಚಿಗೆ ಹುಟ್ಟಿದವು ಅಂತ ಅಲ್ಲಿನ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಆದರೆ ಮುಂದೆ ಆಗಿದ್ದನ್ನೂ ಕೇಳಿ. 2007ರಲ್ಲಿ ಈ ಯೋಜನೆಯಲ್ಲಿ ಸುಮಾರು 3.68 ಕೋಟಿ ಎಕರೆ ಇತ್ತು. ಅದೇ ಹೊತ್ತಿಗೆ ಮೆಕ್ಕೆಜೋಳದಿಂದ ಎಥನಾಲ್ ಮಾಡಿ ಪೆಟ್ರೋಲಿಗೆ ಬೆರೆಸುವುದು ಜೋರಾಯಿತು. 2005ರಲ್ಲಿ ಬುಶೆಲ್‌ಗೆ (ಅಂದರೆ ಸುಮಾರು 25 ಕೆಜಿಗೆ) 2 ಡಾಲರ್ ಇದ್ದ ಮೆಕ್ಕೆಜೋಳ 2012ರಲ್ಲಿ 7 ಡಾಲರ್ ಹತ್ತಿರ ಬಂತು. ಕರಾರು ಮುಗಿದ ರೈತರು ಒಬ್ಬೊಬ್ಬರಾಗಿ ಹುಲ್ಲು ಉತ್ತು ಜೋಳ ಬಿತ್ತಿದರು. ಸಂಸತ್ತು ಕೂಡ 2014ರಲ್ಲಿ ಯೋಜನೆಯ ಮಿತಿಯನ್ನು 2.4 ಕೋಟಿ ಎಕರೆಗೆ ಇಳಿಸಿತು. ಇಪ್ಪತ್ತು ವರ್ಷ ಬೆಳೆದ ಹುಲ್ಲುಗಾವಲು ಹೋಗೋದಕ್ಕೆ ಒಂದು ಹಂಗಾಮು ಸಾಕು. ನಾನು ಆ ರೈತರನ್ನು ದೂರುವುದಿಲ್ಲ. ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು. ಬಾಡಿಗೆ ಹಳೆಯದು, ಜೋಳದ ಬೆಲೆ ಹೊಸದು, ಅಷ್ಟೇ.

ಇನ್ನೂ ಎರಡು ಒಳಸುಳಿ ಇವೆ. 100 ಎಕರೆ ಹೀಗೆ ಬಿಟ್ಟ ಕಡೆ, ಅಲ್ಲಿವರೆಗೂ ಉಳದೇ ಇದ್ದ ಬೇರೆ ನೆಲ ಸುಮಾರು 20 ಎಕರೆಯಷ್ಟು ಸಾಗುವಳಿಗೆ ಬಂತು ಅಂತ ಒಂದು ಲೆಕ್ಕ ಇದೆ. ಎರಡನೆಯದು ಊರಿನದು. ಎಲ್ಲರೂ ಹೊಲ ಬಿಟ್ಟರೆ ಬೀಜದ ಅಂಗಡಿಯವನು, ಟ್ರ್ಯಾಕ್ಟರ್ ರಿಪೇರಿಯವನು ಏನು ತಿನ್ನಬೇಕು? ಅದಕ್ಕೇ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಸಾಗುವಳಿ ಭೂಮಿಯಲ್ಲಿ ಸಾಮಾನ್ಯವಾಗಿ ಶೇ. 25ಕ್ಕಿಂತ ಜಾಸ್ತಿ ಸೇರಿಸುವಂತಿಲ್ಲ ಅಂತ ನಿಯಮ ಮಾಡಿದ್ದಾರೆ.

ನಮ್ಮಲ್ಲಿ ಆಗಬಹುದಾ ಅಂತ ಕೇಳಿದಿರಿ. ಸಣ್ಣ ಹಿಡುವಳಿಯ ದೇಶಕ್ಕೆ ಅಮೆರಿಕಕ್ಕಿಂತ ಚೀನಾ ಹತ್ತಿರದ ಉದಾಹರಣೆ. 1998ರಲ್ಲಿ ಯಾಂಗ್ಟ್ಸಿ ನದಿಯ ಪ್ರವಾಹ ಆದ ಮೇಲೆ, 1999ರಿಂದ ಕಡಿದಾದ ಇಳಿಜಾರಿನ ಹೊಲ ಬಿಡಿಸಿ ಮರ ಹಾಕಿಸಲು ಶುರು ಮಾಡಿದರು. ಯಾಂಗ್ಟ್ಸಿಯ ಮೇಲ್ಭಾಗದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,250 ಕೆಜಿ ಧಾನ್ಯ, ಹಳದಿ ನದಿಯ ಕಡೆ 1,500 ಕೆಜಿ, ಮೇಲೆ 300 ಯುವಾನ್ ನಗದು. ಹೊಲ ಬಿಟ್ಟವನ ಮನೆಯಲ್ಲಿ ಊಟಕ್ಕೆ ತೊಂದರೆ ಆಗಬಾರದು ಅಂತ ಮೊದಲು ಧಾನ್ಯವನ್ನೇ ಕೊಟ್ಟರು. ಈ ಒಂದು ತಿಳಿವಳಿಕೆ ನನಗೆ ತುಂಬಾ ಹಿಡಿಸಿತು. ಮೂರು ಕೋಟಿಗೂ ಹೆಚ್ಚು ಕುಟುಂಬಗಳು ಸೇರಿದವು. ತಪ್ಪೂ ಆಯಿತು: ಎಷ್ಟೋ ಕಡೆ ಒಂದೇ ಜಾತಿಯ ಮರ ಸಾಲಾಗಿ ನೆಟ್ಟರು. ಸಿಚುವಾನ್‌ನಲ್ಲಿ ಎಣಿಸಿ ನೋಡಿದಾಗ ಅಂಥ ನೆಡುತೋಪುಗಳಲ್ಲಿ ಹಕ್ಕಿಗಳು ಹಳೆಯ ಹೊಲದಲ್ಲಿ ಇದ್ದಷ್ಟೂ ಇರಲಿಲ್ಲ.

ಪ್ರಶ್ನೆ: ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ನಮಗೆ 14 ಎಕರೆ ಇದೆ. ಐದು ಎಕರೆ ತೆಂಗು, ಉಳಿದಿದ್ದು ಖುಷ್ಕಿ, ರಾಗಿ ಹುರುಳಿ. ಆಳು ಸಿಗುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಒಂಬತ್ತು ಎಕರೆಯನ್ನು ಕಾಡಿಗೆ ಬಿಡೋಣ ಅನಿಸಿದೆ. ಹೊಟ್ಟೆಗೆ ಕಲ್ಲು ಬೀಳುತ್ತಾ?

ಯಜಮಾನರೇ, ಒಂಬತ್ತೂ ಎಕರೆ ಒಂದೇ ಸಲ ಬೇಡ. ಮೊದಲು ಒಂದು ಕಾಗದದಲ್ಲಿ ಹೊಲ ಹೊಲದ ಲೆಕ್ಕ ಬೇರೆ ಬೇರೆ ಬರೆಯಿರಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಎಕರೆಗೆ ಐದು ಕ್ವಿಂಟಲ್ ಬಂತು ಅಂತಿಟ್ಟುಕೊಂಡರೆ 24,430. ಇದರಲ್ಲಿ ಉಳುಮೆ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ ಎಲ್ಲ ಕಳೆಯಿರಿ, ಮಳೆ ಕೈಕೊಟ್ಟ ವರ್ಷಗಳನ್ನೂ ಸೇರಿಸಿ ಸರಾಸರಿ ತೆಗೆಯಿರಿ. ಕೆರೆ ಕಡೆಯ ಹೊಲದಲ್ಲಿ ಕೈಯಲ್ಲಿ ಏನೋ ಒಂದಿಷ್ಟು ನಿಲ್ಲುತ್ತದೆ. ಗುಡ್ಡದ ಬುಡದ ಮೊರಡಿ ಹೊಲದಲ್ಲಿ ಬಹುಶಃ ಏನೂ ನಿಲ್ಲುವುದಿಲ್ಲ, ನಿಮ್ಮ ಕೈಯಿಂದಲೇ ಹೋಗುತ್ತಿರುತ್ತದೆ. ಆ ಹೊಲವನ್ನು ಬಿಡಿ. ಅದನ್ನು ಬಿಡುವುದರಿಂದ ನಿಮಗೆ ನಷ್ಟವೇ ಇಲ್ಲ.

ನಮ್ಮಲ್ಲಿ ವರ್ಷ ವರ್ಷ ಬಾಡಿಗೆ ಬರುವ ಯೋಜನೆ ಇಲ್ಲ. ಇರುವುದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಬದುಕಿ ಉಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ, ಒಟ್ಟು 125. ಎಕರೆಗೆ 160 ಸಸಿ ಹಾಕಿ ಎಲ್ಲವೂ ಬದುಕಿದರೆ ಮೂರು ವರ್ಷಕ್ಕೆ 20,000. ಎಲ್ಲವೂ ಬದುಕುವುದಿಲ್ಲ, ಅದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ನಾಲ್ಕನೇ ವರ್ಷದಿಂದ ಏನೂ ಇಲ್ಲ. ಮರ ನಿಂತು ಹಕ್ಕಿ ಬರುವ ಹೊತ್ತಿಗೆ ಸರಿಯಾಗಿ ದುಡ್ಡು ನಿಲ್ಲುವುದು ನನಗೆ ಬೇಸರದ ವಿಷಯ.

ಖರ್ಚಿನ ಬಗ್ಗೆ ಒಂದು ಮಾತು. ನಿಮ್ಮ ಸೀಮೆಯಲ್ಲಿ ಗಿಡ ನೆಡೋದಕ್ಕಿಂತ ಕುರಿ, ಮೇಕೆ, ಬೆಂಕಿಯಿಂದ ಕಾಯುವುದು ದೊಡ್ಡ ಖರ್ಚು. ಕಾಯ್ದರೆ ಅರ್ಧ ಕೆಲಸ ನೆಲವೇ ಮಾಡುತ್ತದೆ. ಬದುವಿನಲ್ಲಿ ಉಳಿದ ಬೇರಿನಿಂದ ಕಾರೆ, ತಂಗಡಿ, ಕಕ್ಕೆ, ಹೊಂಗೆ ಚಿಗುರುತ್ತವೆ. ನಮ್ಮ ಎರಡು ಎಕರೆ ಬಿಟ್ಟಾಗ ಮೊದಲೆರಡು ವರ್ಷ ಬರೀ ಲಾಂಟಾನ ಕೀಳುವುದೇ ಆಯಿತು, ಊರವರೆಲ್ಲ ಹೊಲ ಹಾಳು ಮಾಡಿದರು ಅಂದರು, ಮೂರನೇ ಮಳೆಗಾಲದಲ್ಲಿ ಹುಲ್ಲು ಮೊಣಕಾಲುದ್ದ ಬಂದಾಗ ಅದೇ ಊರವರು ಕೊಯ್ದುಕೊಳ್ಳಲಾ ಅಂತ ಕೇಳಿದರು. ಕೊಯ್ಯಲು ಬಿಡಿ, ಮೇಯಿಸಲು ಬಿಡಬೇಡಿ. ಅದರಿಂದ ನಾಲ್ಕು ಕಾಸೂ ಬರುತ್ತದೆ, ಊರಿನ ಸಿಟ್ಟೂ ಇಳಿಯುತ್ತದೆ.

ಇನ್ನೊಂದು, ಆ ಹೊಲವನ್ನು ಯಾರಾದರೂ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದರೆ ಮೊದಲು ಅವರ ಹತ್ತಿರ ಕೂತು ಮಾತಾಡಿ. ಹೊಲ ಬಿಡುವುದು ನೀವು, ರಾಗಿ ಕಳೆದುಕೊಳ್ಳುವುದು ಅವರು. ಪಹಣಿಯಲ್ಲಿ ಬೀಳು ಅಂತ ಬಂದರೆ ಬೆಳೆ ಸಾಲಕ್ಕೆ ತೊಡಕಾಗಬಹುದು, ಅದನ್ನೂ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ಇಂಗ್ಲೆಂಡಿನ ನೆಪ್ ಎಸ್ಟೇಟಿನ ವಿಡಿಯೋ ನೋಡಿದೆವು. ಬೇಸಾಯ ಬಿಟ್ಟು ಕಾಡು ಮಾಡಿ ಲಾಭ ಮಾಡಿದ್ದಾರೆ. ನಾವು ಬೆಂಗಳೂರಿನ ಹತ್ತು ಜನ ಗೆಳೆಯರು ಹಾಗೇ ಮಾಡಬಹುದಾ?

ನೆಪ್ ಸಸೆಕ್ಸಿನಲ್ಲಿದೆ, 3,500 ಎಕರೆ. ಚಾರ್ಲಿ ಬರೆಲ್ ಮತ್ತು ಇಸಬೆಲ್ಲಾ ಟ್ರೀ ದಂಪತಿ ಅಂಟು ಜೇಡಿಯಲ್ಲಿ ಬೇಸಾಯ ಮಾಡಿ ಸಾಲವಾಗಿ, 2000ದಲ್ಲಿ ಹಾಲಿನ ಹಸು, ಯಂತ್ರ ಎಲ್ಲ ಮಾರಿದರು. ಈಗ ಅಲ್ಲಿ ಬುಲ್‌ಬುಲ್‌ಗಿಂತ ಚೆನ್ನಾಗಿ ಹಾಡುವ ನೈಟಿಂಗೇಲ್ ಇದೆ, 2020ರಲ್ಲಿ ಬಿಳಿ ಕೊಕ್ಕರೆ (ವೈಟ್ ಸ್ಟಾರ್ಕ್) ಮರಿ ಮಾಡಿತು. ಆದಾಯ ಬರುವುದು ಮೇಯುವ ದನ, ಹಂದಿ, ಜಿಂಕೆಗಳ ಮಾಂಸದಿಂದ, ಪ್ರವಾಸಿಗರಿಂದ, ಹಳೆಯ ಕಟ್ಟಡಗಳ ಬಾಡಿಗೆಯಿಂದ, ಜೊತೆಗೆ ಸರ್ಕಾರದ ಸಹಾಯಧನದಿಂದ. ಮತ್ತೆ, ಆ ಜಮೀನು ಅವರಿಗೆ ಹಿರಿಯರಿಂದ ಬಂದಿದ್ದು. ನೀವು ಇಂದಿನ ರೇಟಿಗೆ ಕೊಂಡು, ಸಾಲದ ಬಡ್ಡಿಯನ್ನು ಕಾಡಿನಿಂದ ಕಟ್ಟುತ್ತೇವೆ ಅಂದರೆ ಆಗುವುದಿಲ್ಲ. ಕಳೆದುಕೊಂಡರೂ ಪರವಾಗಿಲ್ಲ ಅನ್ನುವಷ್ಟು ದುಡ್ಡನ್ನು ಮಾತ್ರ ಹಾಕಿ.

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟ. ಕಾಡುಮರ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಪಕ್ಕದವರೆಲ್ಲ ಸಿಲ್ವರ್ ಓಕ್ ಹಾಕುತ್ತಿದ್ದಾರೆ. ಯಾಕೆ?

ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬುತ್ತದೆ. ಎಲ್ಲಕ್ಕಿಂತ ಮುಖ್ಯ, 1976ರ ಮರ ಸಂರಕ್ಷಣೆ ಕಾಯ್ದೆಯಲ್ಲಿ ಅದನ್ನು ಕಡಿಯಲು ಅನುಮತಿ ಬೇಡ. ಹೊನ್ನೆಗೆ, ಮತ್ತಿಗೆ, ನಂದಿಗೆ ಬೇಕು. ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ಮಾರಲಾಗದ ಮರವನ್ನು ಯಾರು ತಾನೇ ಹಾಕುತ್ತಾರೆ? ಕಾಡುಮರ ಉಳಿಸಲಿ ಅಂತ ಮಾಡಿದ ಕಾನೂನು ಹೊಸ ಕಾಡುಮರ ಹುಟ್ಟದ ಹಾಗೆ ಮಾಡಿದೆ. ಶ್ರೀಗಂಧಕ್ಕೂ ಇದೇ ಆಗಿತ್ತು. 2001ರ ತಿದ್ದುಪಡಿಯಲ್ಲಿ ಜಮೀನಿನ ಗಂಧದ ಮರ ರೈತನದೇ ಅಂತಾದ ಮೇಲೆ ತಾವಾಗಿಯೇ ನೆಡುವವರು ಹುಟ್ಟಿಕೊಂಡರು.

ನಿಮಗೆ ನನ್ನ ಸಲಹೆ: ಈಗಿರುವ ಹಳೆಯ ಕಾಡುಮರ ಒಂದನ್ನೂ ತೆಗೆಯಬೇಡಿ. ಸಿಲ್ವರ್ ಓಕ್ ನಡುವೆ ಅತ್ತಿ, ಬಸರಿ, ಗೋಣಿ ಹಾಕಿ. ಅವುಗಳ ದಿಮ್ಮಿಗೆ ಹೇಗೂ ಬೆಲೆ ಇಲ್ಲ, ಹಾಗಾಗಿ ಕಡಿಯಲು ಆಗಲಿಲ್ಲ ಅಂತ ಕಳೆದುಕೊಳ್ಳುವುದೂ ಇಲ್ಲ. ಮರಗಸಿ ಮಾಡಿದರೆ, ಅಂದರೆ ಕೊಂಬೆ ಸವರಿದರೆ, ನೆರಳು ಕೈಯಳತೆಯಲ್ಲಿರುತ್ತದೆ. ಹಣ್ಣಿಗೆ ಬರುವ ಹಕ್ಕಿಗಳು ಉಳಿದ ಕಾಡುಮರಗಳ ಬೀಜವನ್ನು ತಾವೇ ತಂದು ಹಾಕುತ್ತವೆ. ಹಾಗೆ ಹುಟ್ಟಿದ ಸಸಿಗಳಲ್ಲಿ ಯಾವುದನ್ನು ಬಿಡಬೇಕು ಅಂತ ಕಳೆ ತೆಗೆಯುವವರಿಗೆ ಮೊದಲೇ ತೋರಿಸಿಡಿ, ಇಲ್ಲದಿದ್ದರೆ ಎಲ್ಲವೂ ಕತ್ತಿಗೆ ಹೋಗುತ್ತವೆ.