17ನೇ ವಯಸ್ಸಿನಲ್ಲೂ ಡಬಲ್ ಆಕ್ಸೆಲ್ ಕೈಗೂಡದ ಫಿಗರ್ ಸ್ಕೇಟರ್‌ಗೆ ಈ ಕ್ರೀಡೆಯಲ್ಲಿ ಭವಿಷ್ಯವಿದೆಯೇ?

ಅಮೆರಿಕದ ಮಿಷಿಗನ್ನಿನ ಐಸ್ ರಿಂಕ್, ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಬೇಕಾದ ಡಬಲ್ ಆಕ್ಸೆಲ್ ಜಂಪ್ ಕೈಗೂಡದಿರುವುದು, ಜೂನಿಯರ್‌ಗಿಂತ ಕೆಳಗಿನ ನಾವಿಸ್ ಮಟ್ಟದ ಸ್ಪರ್ಧೆಗಳಲ್ಲಿ ಕೊನೆಯ ಸ್ಥಾನಗಳು, ಕಾಲೇಜನ್ನು ಒಂದು ವರ್ಷ ಮುಂದೂಡಿ ಇಡೀ ದಿನ ತರಬೇತಿ ಪಡೆಯುವ ಯೋಚನೆ: ನೀವು ಬರೆದಿರುವ ಇಷ್ಟೂ ನನ್ನ ಹದಿನೇಳನೆಯ ವಯಸ್ಸಿನ ವಿವರಗಳೇ. ನಾಲ್ಕನೇ ತರಗತಿ ಮುಗಿಸಿ ಮೈಸೂರಿನಿಂದ ಇಲ್ಲಿಗೆ ಬಂದ ಮೇಲೆಯೇ ನಾನು ಮೊದಲ ಬಾರಿಗೆ ಮಂಜುಗಡ್ಡೆಯ ಮೇಲೆ ಕಾಲಿಟ್ಟದ್ದು. ಐದನೆಯ ವಯಸ್ಸಿಗೇ ಕಲಿಯಲು ತೊಡಗಿದವರ ನಡುವೆ ನಾನು ತಡವಾಗಿ ಬಂದವಳು ಎಂಬ ಅವಸರ ಸದಾ ನನ್ನೊಳಗಿತ್ತು, ಮತ್ತು ಮುಂದೆ ಆದದ್ದಕ್ಕೆಲ್ಲ ಆ ಅವಸರವೇ ಕಾರಣ.

ನಾನು ಕಾಲೇಜನ್ನು ಮುಂದೂಡಿಯೇಬಿಟ್ಟೆ. ಆ ವರ್ಷ ಅಪ್ಪ ಅಮ್ಮ ದುಡ್ಡು ಕೊಟ್ಟು ಕೊಂಡ ಐಸ್ ಸಮಯವನ್ನೆಲ್ಲ ಡಬಲ್ ಆಕ್ಸೆಲ್ ಮತ್ತು ಮೂರು ಸುತ್ತಿನ ಟ್ರಿಪಲ್ ಸಾಲ್ಕೋವ್‌ಗೆ ಸುರಿದೆ. ಆಗ ಮೂವ್ಸ್ ಇನ್ ದ ಫೀಲ್ಡ್ ಎಂದೂ ಈಗ ಸ್ಕೇಟಿಂಗ್ ಸ್ಕಿಲ್ಸ್ ಎಂದೂ ಕರೆಯುವ, ಬ್ಲೇಡಿನ ಅಂಚು ಮತ್ತು ತಿರುವುಗಳ ಹಿಡಿತವನ್ನು ನೋಡುವ ಪರೀಕ್ಷೆಗಳಲ್ಲಿ ಜೂನಿಯರ್ ಮತ್ತು ಸೀನಿಯರ್ ಎರಡೂ ನನಗೆ ಬಾಕಿಯಿದ್ದವು. ಅವನ್ನು ಮುಗಿಸಿಕೊಳ್ಳುವಂತೆ ನನ್ನ ಕೋಚ್ ಪದೇ ಪದೇ ಹೇಳಿದರೂ ನಾನು ಒಪ್ಪಲಿಲ್ಲ. ಹಾರಲು ಬಾರದವರು ಪ್ರಮಾಣಪತ್ರಕ್ಕಾಗಿ ಕೊಡುವ ಪರೀಕ್ಷೆ ಅದು ಎಂದು ನಾನು ನಿಜಕ್ಕೂ ನಂಬಿದ್ದೆ. ರಾಕರ್, ಚೊಕ್ಟಾ, ಹಿಮ್ಮುಖ ಲೂಪ್ ಎಂಬ ಅಂಚಿನ ತಿರುವುಗಳಿಗೆ ಕಳೆಯುವ ಪ್ರತಿ ಗಂಟೆಯೂ ಆಕ್ಸೆಲ್‌ನಿಂದ ಕದ್ದ ಗಂಟೆಯೆಂದು ನನಗನಿಸುತ್ತಿತ್ತು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಟೆಸ್ಟ್‌ಗಳನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಎಲ್ಲ ಜಂಪ್‌ಗಳಲ್ಲಿ ಮುಮ್ಮುಖವಾಗಿ ನೆಗೆಯುವುದು ಆಕ್ಸೆಲ್ ಒಂದೇ. ಎಡಕ್ಕೆ ತಿರುಗುವವರು ಎಡಗಾಲಿನ ಬ್ಲೇಡಿನ ಹೊರ ಅಂಚಿನ ಮೇಲೆ ಪೂರ್ತಿ ಭಾರ ಹಾಕಿ, ಆ ಅಂಚು ಬಾಗಿಸಿಕೊಟ್ಟ ದಾರಿಯಿಂದಲೇ ಮೇಲೇಳಬೇಕು. ನನ್ನ ಅಂಚು ಆ ಕ್ಷಣದಲ್ಲಿ ಚಪ್ಪಟೆಯಾಗುತ್ತಿದ್ದುದರಿಂದ ಎರಡೂವರೆ ಸುತ್ತು ಗಾಳಿಯಲ್ಲಿ ಮುಗಿಯುತ್ತಲೇ ಇರಲಿಲ್ಲ. ಡಬಲ್ ಆಕ್ಸೆಲ್‌ನ ಮೂಲ ಅಂಕ 3.3; ಅರ್ಧ ಸುತ್ತು ಕಡಿಮೆಯಾಯಿತೆಂದು ತಾಂತ್ರಿಕ ಮಂಡಳಿ ನಿರ್ಧರಿಸಿದರೆ ಅದು ಸಿಂಗಲ್ ಆಕ್ಸೆಲ್‌ನ 1.1ಕ್ಕೆ ಇಳಿಯುತ್ತದೆ, ಬಿದ್ದರೆ ಮತ್ತೆ ಕಡಿತ. ಇದಲ್ಲದೆ ತೀರ್ಪುಗಾರರು ಕಾರ್ಯಕ್ರಮಕ್ಕೆ ಕೊಡುವ ಅಂಕಗಳಲ್ಲಿ ಸ್ಕೇಟಿಂಗ್ ಸ್ಕಿಲ್ಸ್ ಎಂಬುದೇ ಒಂದು ಭಾಗ, ಅಲ್ಲಿಯೂ ನಾನು ಹಿಂದೆ ಬೀಳುತ್ತಿದ್ದೆ. ಸರಳೆ ವರಸೆ ಗಟ್ಟಿಯಾಗದೆ ಕೃತಿಗೆ ಕೈಹಾಕಿದವರ ಸ್ಥಿತಿ ನನ್ನದಾಗಿತ್ತು. ಜಂಪ್‌ಗಾಗಿ ಯಾವುದನ್ನು ಬದಿಗಿಟ್ಟೆನೋ ಜಂಪ್‌ಗೆ ಬೇಕಾಗಿದ್ದುದು ಅದೇ ಎಂಬುದು ನನಗೆ ಅರ್ಥವಾಗುವ ಹೊತ್ತಿಗೆ ವರ್ಷ ಕಳೆದು, ಸೊಂಟದ ನೋವು ಉಳಿದು, ಸ್ಪರ್ಧೆ ಮುಗಿದಿತ್ತು.

ಪೆಟ್ಟು ಅಲ್ಲಿಗೂ ನಿಲ್ಲಲಿಲ್ಲ. ಕಲಿಸುವ ಕೆಲಸ ಕೇಳಿಕೊಂಡು ರಿಂಕ್‌ಗಳಿಗೆ ಹೋದಾಗ ನಾನು ಯಾವ ಸ್ಪರ್ಧೆಯಲ್ಲಿ ಎಷ್ಟನೆಯವಳಾದೆನೆಂದು ಯಾರೂ ಕೇಳಲಿಲ್ಲ. ಸೀನಿಯರ್ ಟೆಸ್ಟ್ ಆಗಿದೆಯೇ ಎಂದು ಕೇಳಿದರು. ಆಗಿದ್ದರೆ, ಆ ಪರೀಕ್ಷೆ ತೇರ್ಗಡೆಯಾದವರನ್ನು ಕರೆಯುವಂತೆ, ಗೋಲ್ಡ್ ಮೆಡಲಿಸ್ಟ್ ಎಂದು ಬರೆದುಕೊಳ್ಳಬಹುದಿತ್ತು, ಪಾಠದ ಶುಲ್ಕವನ್ನೂ ಅದಕ್ಕೆ ತಕ್ಕಂತೆ ಕೇಳಬಹುದಿತ್ತು. ಆ ಎರಡು ಪರೀಕ್ಷೆಗಳನ್ನು ನಾನು ನೌಕರಿಗೆ ಸೇರಿದ ಮೇಲೆ, ಮುಂಜಾನೆಯ ಐಸ್ ಸಮಯವನ್ನು ನನ್ನ ಸಂಬಳದಲ್ಲಿ ಕೊಂಡು, ಸಡಿಲವಾದ ಮಂಡಿಗಳನ್ನು ಮತ್ತೆ ಪಳಗಿಸಿ ಮುಗಿಸಿದೆ. ಹದಿನೇಳರಲ್ಲಿ ಸಲೀಸಾಗಿ ಆಗುತ್ತಿದ್ದ ಕೆಲಸವದು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುನಾದಿಯನ್ನೇ ನಾನು ಒಪ್ಪುವುದಿಲ್ಲ. ಆಕ್ಸೆಲ್ ಬಂದರೆ ಭವಿಷ್ಯ, ಬಾರದಿದ್ದರೆ ಇಲ್ಲ ಎಂದು ಲೆಕ್ಕ ಹಾಕಿದ್ದೀರಿ. ಈ ಕ್ರೀಡೆಯಲ್ಲಿ ಅನ್ನ ಸಂಪಾದಿಸುವವರಲ್ಲಿ ಹೆಚ್ಚಿನವರು ಕೋಚ್‌ಗಳು, ಡಿಸ್ನಿ ಆನ್ ಐಸ್‌ನಂಥ ತಂಡಗಳಲ್ಲಿ ಅಥವಾ ವಿಹಾರ ಹಡಗುಗಳ ಐಸ್ ಪ್ರದರ್ಶನಗಳಲ್ಲಿ ಇರುವವರು, ನೃತ್ಯ ಸಂಯೋಜಕರು. ಅಲ್ಲಿ ಸಮೂಹದಲ್ಲಿ ಸ್ಕೇಟ್ ಮಾಡುವವರಿಂದ ಟ್ರಿಪಲ್‌ಗಳನ್ನಲ್ಲ, ವೇಗವನ್ನು ಮತ್ತು ಅಂಚುಗಳ ಹಿಡಿತವನ್ನು ಬಯಸುತ್ತಾರೆ.

ಡಿಯಾನಾ ಸ್ಟೆಲ್ಲಾಟೊ-ಡುಡೆಕ್ 40ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರಲ್ಲವೇ ಎಂದು ಕೇಳಿದ್ದೀರಿ. 2024ರಲ್ಲಿ ಮಾಂಟ್ರಿಯಲ್‌ನಲ್ಲಿ ಆದರು, ಅದೊಂದು ಅದ್ಭುತವೇ. ಆದರೆ ಅವರು 2000ದಲ್ಲೇ ಸಿಂಗಲ್ಸ್‌ನಲ್ಲಿ ವಿಶ್ವ ಜೂನಿಯರ್ ಬೆಳ್ಳಿ ಪದಕ ಪಡೆದಿದ್ದವರು. ಗಾಯದಿಂದ ಬಿಟ್ಟು ವರ್ಷಗಳ ನಂತರ ಜೋಡಿಯಾಗಿ ಸ್ಪರ್ಧಿಸುವ ಪೇರ್ಸ್ ವಿಭಾಗಕ್ಕೆ ಮರಳಿದರು. ಅವರ ಉದಾಹರಣೆಯನ್ನು ಕಾಲೇಜು ಮುಂದೂಡುವುದಕ್ಕೆ ಕಾರಣವಾಗಿ ಬಳಸಬೇಡಿ.

ಭಾರತದ ಪರವಾಗಿ ಆಡಿದರೆ ದಾರಿ ಸುಲಭವೆಂಬ ನಿಮ್ಮ ಮಾತೂ ಸರಿಯಲ್ಲ. ನೀವು ಹುಟ್ಟಿದ್ದು ಇಲ್ಲಿಯೇ ಆದ್ದರಿಂದ ನಿಮ್ಮ ಪಾಸ್‌ಪೋರ್ಟ್ ಅಮೆರಿಕದ್ದು. ಭಾರತವನ್ನು ಪ್ರತಿನಿಧಿಸಲು ಭಾರತೀಯ ಪಾಸ್‌ಪೋರ್ಟ್ ಬೇಕು, ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಾಲದು, ಮತ್ತು ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ ತಾರಾ ಪ್ರಸಾದ್ ಭಾರತದ ಪೌರತ್ವ ಪಡೆದೇ ಭಾರತದ ಪರ ಸ್ಪರ್ಧಿಸುತ್ತಿರುವುದು. ಅಷ್ಟು ಮಾಡಿದರೂ ಯುರೋಪಿನ ಹೊರಗಿನ ದೇಶಗಳಿಗಾಗಿ ನಡೆಯುವ ಫೋರ್ ಕಾಂಟಿನೆಂಟ್ಸ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗೆ ಕನಿಷ್ಠ ತಾಂತ್ರಿಕ ಅಂಕಗಳನ್ನು ಗಳಿಸಿ ತೋರಿಸಬೇಕು. ಹದಿನೇಳರಲ್ಲಿ ಪೌರತ್ವವನ್ನು ಪಣಕ್ಕಿಡುವಂಥ ನಿರ್ಧಾರವನ್ನು ನಿಮ್ಮ ಈಗಿನ ಅಂಕಗಳ ಆಧಾರದಲ್ಲಿ ಮಾಡಲೇಬೇಡಿ.

ಕಾಲೇಜಿಗೆ ಈ ವರ್ಷವೇ ಸೇರಿ. ಫಿಗರ್ ಸ್ಕೇಟಿಂಗ್ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಕ್ರೀಡೆಯಲ್ಲ, ಹಾಗಾಗಿ ಫುಟ್‌ಬಾಲ್ ಆಡುವವರಿಗೆ ಸಿಗುವಂಥ ವಿದ್ಯಾರ್ಥಿವೇತನವನ್ನು ನಿರೀಕ್ಷಿಸುವಂತಿಲ್ಲ. ಆದರೆ ಅಂತರ್‌ಕಾಲೇಜು ತಂಡಗಳಿವೆ, ಅಲ್ಲಿ ನಿಮ್ಮ ಮಟ್ಟದಲ್ಲೇ ಸ್ಪರ್ಧಿಸಿ ತಂಡಕ್ಕೆ ಅಂಕ ತರಬಹುದು. ಓಹಾಯೊದ ಮಯಾಮಿ ವಿಶ್ವವಿದ್ಯಾಲಯದ ಸಿಂಕ್ರೊನೈಸ್ಡ್ (ಗುಂಪಾಗಿ ಒಂದೇ ಲಯದಲ್ಲಿ ಸ್ಕೇಟ್ ಮಾಡುವ) ತಂಡ 2007ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿ ಗೆದ್ದದ್ದು ಓದುತ್ತಲೇ. ಸಾಲಿನಲ್ಲಿ ಕೈಹಿಡಿದು ಸ್ಕೇಟ್ ಮಾಡುವವರಿಗೆ ಬೇಕಾದದ್ದೂ ಅಂಚುಗಳೇ.

ಆಕ್ಸೆಲ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಮೈ ಬೆಚ್ಚಗಾದ ಮೇಲಿನ ಮೊದಲ ಪಾಲನ್ನು ಅಂಚುಗಳಿಗೆ ಕೊಟ್ಟು, ಆಮೇಲೆ ಹಾರಿ. ಮುಂದಿನ ಟೆಸ್ಟ್ ಸೆಷನ್‌ಗೆ ಹೆಸರು ಕೊಡುವಂತೆ ನಿಮ್ಮ ಕೋಚ್‌ಗೆ ಈ ವಾರವೇ ಹೇಳಿ. ಈ ಪರೀಕ್ಷೆಯಲ್ಲಿ ಅನುತ್ತೀರ್ಣ ಎಂದು ಬರೆಯುವ ಪದ್ಧತಿಯಿಲ್ಲ, ಮರುಪ್ರಯತ್ನ ಎಂದಷ್ಟೇ ಬರೆಯುತ್ತಾರೆ, ಮತ್ತು ಒಮ್ಮೆ ತೇರ್ಗಡೆಯಾದದ್ದು ನೀವು ಸ್ಪರ್ಧೆ ಬಿಟ್ಟ ಮೇಲೂ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ.